ಇಂಟರ್‌ನೆಟ್ ತೆಗೆದು ಆಡಿ ನೋಡಿ

"ಮಗ ಕಂಪ್ಯೂಟರ್ ಗೇಮ್ ಕೇಳ್ತಿದ್ದಾನೆ. ಡಿಸ್ಕ್ ಕೊಡಿಸಲೋ, ಡೌನ್‌ಲೋಡ್ ಮಾಡಿಸಲೋ?" ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಕಳೆದ ತಿಂಗಳು ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಇದನ್ನೇ ಬೇರೆ ರೀತಿಯಲ್ಲಿ ಕೇಳಿದ್ದರು. ಮೊಮ್ಮಗನಿಗೆಂದು 3,000 ರೂಪಾಯಿ ಕಟ್ಟಿದೆ, ಕೈಗೆ ಏನೂ ಬರಲಿಲ್ಲ, ಹಾಗಾದರೆ ನಾನು ಕೊಂಡದ್ದು ಏನನ್ನು ಎಂದು. ನನ್ನ ಮಟ್ಟಿಗೆ ಮೇಷ್ಟ್ರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಡಿಸ್ಕೋ ಡೌನ್‌ಲೋಡೋ ಅನ್ನುವುದು ಅದರ ಹಿಂದೆ ಬರುವ ಮಾತು.

ಸಾಗರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ಅದರಲ್ಲಿ ನನ್ನ ಹಳೆಯ ಫ್ಲಾಪಿಗಳು, ಸಿಡಿಗಳು, ಡಿವಿಡಿಗಳು. ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಅದನ್ನು ಕೆಳಗಿಳಿಸಿ, ಇಪ್ಪತ್ತು ವರ್ಷದ ಹಿಂದೆ ನಾನು ದುಡ್ಡು ಕೊಟ್ಟು ತಂದಿದ್ದ ಒಂದು ಕಾರ್ ರೇಸಿನ ಆಟವನ್ನು ಹೊರತೆಗೆದ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಹಿಡಿಯುವ ಊರು. ಡಿಸ್ಕಿನ ಅಂಚಿನಲ್ಲಿ ಬಿಳಿ ಮಚ್ಚೆಗಳಿದ್ದವು. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆವು. ಹೊಳೆಯುವ ಮುಖದ ಮೇಲೆ ಗೀರು ಬಿದ್ದರೆ ಅಷ್ಟು ಭಯವಿಲ್ಲ, ಅಲ್ಲಿ ದಪ್ಪ ಪ್ಲಾಸ್ಟಿಕ್ ಇರುತ್ತದೆ. ಸಿಡಿಯಲ್ಲಿ ಹೆಸರು ಅಚ್ಚಾಗಿರುವ ಮೇಲುಮುಖಕ್ಕೆ ಪೆಟ್ಟು ಬೀಳಬಾರದು. ಮಾಹಿತಿ ಇರುವ ಅಲ್ಯೂಮಿನಿಯಂ ಪದರ ಆ ಬಣ್ಣದ ಕೆಳಗೇ ಇರುತ್ತದೆ, ಅದನ್ನು ಕಾಯುವುದು ಒಂದು ತೆಳು ಲೇಪ ಮಾತ್ರ. ಹುಡುಗನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ತಂದೆ. ಎರಡು ಸಲ ಗುರುಗುಟ್ಟಿ ಮೂರನೆಯ ಸಲ ಡಿಸ್ಕ್ ಓದಿತು. ಆಟವೆಲ್ಲ ಕಂಪ್ಯೂಟರಿಗೆ ಇಳಿಯಿತು. ಆಡಲು ಹೋದರೆ ತೆರೆಯಲಿಲ್ಲ. ಡಿಸ್ಕಿನಲ್ಲಿದ್ದ ಒಂದೊಂದು ಕಡತವೂ ಚೆನ್ನಾಗಿತ್ತು, ಕೈಕೊಟ್ಟದ್ದು ಬೀಗ.

ಆ ಕಾಲದ ಆಟಗಳ ಡಿಸ್ಕುಗಳಲ್ಲಿ ನಕಲು ತಡೆಯುವ ಬೀಗಗಳಿರುತ್ತಿದ್ದವು. ಸೇಫ್‌ಡಿಸ್ಕ್, ಸೆಕ್ಯುರೋಮ್ ಅವುಗಳಲ್ಲಿ ಹೆಸರಾದವು. ಮಾಮೂಲಿ ಡ್ರೈವ್ ನಕಲು ಮಾಡಲಾಗದಂಥ ಗುರುತುಗಳನ್ನು ಡಿಸ್ಕಿನಲ್ಲಿ ಬೇಕೆಂದೇ ಇಟ್ಟು, ಆಟ ಶುರುವಾಗುವಾಗಲೆಲ್ಲ ಅವು ಇವೆಯೇ ಎಂದು ಪರೀಕ್ಷಿಸುವ ಉಪಾಯ. ಸೇಫ್‌ಡಿಸ್ಕ್‌ನಲ್ಲಿ ಈ ಪರೀಕ್ಷೆ ಮಾಡುವ ಡ್ರೈವರ್ ವಿಂಡೋಸಿನ ಒಳಮನೆಯಲ್ಲಿ ಕೂತು ಕೆಲಸ ಮಾಡುತ್ತಿತ್ತು. ಅದರಲ್ಲಿ ಭದ್ರತೆಯ ತೂತುಗಳಿದ್ದವು. ಹಾಗಾಗಿ 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ವರ್ಷ ಹಳೆಯ ವಿಂಡೋಸುಗಳಲ್ಲಿಯೂ ಒಂದು ಅಪ್‌ಡೇಟ್ ಮೂಲಕ ಅದನ್ನು ನಿಲ್ಲಿಸಲಾಯಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಆದರೆ ಅಂಗಡಿಯಲ್ಲಿ ಹಣ ಕೊಟ್ಟು ಅಸಲಿ ಡಿಸ್ಕ್ ಕೊಂಡವರೇ ಇದರಿಂದ ಹೊರಗುಳಿದರು. ಬೀಗ ಒಡೆದ ನಕಲು ಸಿಡಿ ತಂದವರಿಗೆ ಏನೂ ಆಗಲಿಲ್ಲ. ಪ್ರಾಮಾಣಿಕ ಗಿರಾಕಿಗೆ ಆದ ಈ ಅನ್ಯಾಯ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆದ್ದರಿಂದ ಡಿಸ್ಕ್ ಇದ್ದರೆ ಸಾಕು, ಆಟ ನಮ್ಮದು ಎಂಬ ನಂಬಿಕೆಯನ್ನು ಮೊದಲು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಕಂಪ್ಯೂಟರ್ ಆಟಗಳ ಪೆಟ್ಟಿಗೆ ಟೊಳ್ಳಾಗತೊಡಗಿದ್ದು ಇತ್ತೀಚೆಗಲ್ಲ. ವಾಲ್ವ್ ಕಂಪನಿ ಸ್ಟೀಮ್ ಎಂಬ ಡಿಜಿಟಲ್ ಅಂಗಡಿಯನ್ನು ತೆರೆದದ್ದು 2003ರಲ್ಲಿ. ಮರುವರ್ಷ ನವೆಂಬರಿನಲ್ಲಿ ಅದರ ಹಾಫ್-ಲೈಫ್ 2 ಬಂತು. ಅಂಗಡಿಯಿಂದ ಡಿಸ್ಕ್ ತಂದವರೂ ಸ್ಟೀಮಿನಲ್ಲಿ ಖಾತೆ ತೆರೆದು, ಇಂಟರ್‌ನೆಟ್ ಮೂಲಕ ಅನುಮತಿ ಪಡೆದು ಆಡಬೇಕಾಯಿತು. ಡಿಸ್ಕ್ ಸಾಮಾನು ಸಾಗಿಸುವ ಲಾರಿಯಾಯಿತು, ಮನೆಯ ಕೀಲಿ ಬೇರೆ ಕಡೆ ಉಳಿಯಿತು. 2015ರ ಹೊತ್ತಿಗೆ ಲಾರಿಯಲ್ಲಿ ಸಾಮಾನೂ ಇಲ್ಲ. ಆ ವರ್ಷ ಯುರೋಪಿನಲ್ಲಿ ಮಾರಾಟವಾದ ಮೆಟಲ್ ಗೇರ್ ಸಾಲಿಡ್ 5ರ ಪಿಸಿ ಡಿಸ್ಕಿನಲ್ಲಿ ಇದ್ದದ್ದು ಸ್ಟೀಮನ್ನು ಸ್ಥಾಪಿಸುವ ಪುಟ್ಟ ಕಡತ, 9 ಎಂಬಿಯಷ್ಟೂ ಇಲ್ಲ. ಆಟವನ್ನು ಪೂರ್ತಿ ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು. ಅದಾದ ಮೇಲೆ ಡಿಸ್ಕನ್ನೂ ಬಿಟ್ಟು ಒಂದು ಕೋಡ್ ಬರೆದ ಚೀಟಿಯನ್ನಷ್ಟೇ ಡಬ್ಬಿಯಲ್ಲಿಟ್ಟು ಮಾರುವುದು ಶುರುವಾಯಿತು. ಬೆಂಗಳೂರಿನ ಒಂದು ಮಾಲಿನಲ್ಲಿ ಅಂಥ ಡಬ್ಬಿಯೊಂದನ್ನು ನಾನೂ ತಂದಿದ್ದೇನೆ. ಮನೆಗೆ ಬಂದು ತೆರೆದಾಗ ಚೀಟಿ ಜಾರಿ ಮೇಜಿನ ಮೇಲೆ ಬಿತ್ತು. ಡಿಸ್ಕ್ ಕೂರಬೇಕಾದ ಗುಂಡಿ ಖಾಲಿ ಇತ್ತು. ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಹೇಳಿಯೇ ಇದ್ದರು. ಆ ಮಾತು ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕು.

ಇಡೀ ವಿಷಯ ಎಲ್ಲರಿಗೂ ಮನದಟ್ಟಾದದ್ದು ದಿ ಕ್ರೂ ಎಂಬ ಆಟದಿಂದ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ಅದನ್ನು 2014ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತ್ತು. ಅಮೆರಿಕವನ್ನು ಕಿರಿದು ಮಾಡಿ ಕಟ್ಟಿದ ರಸ್ತೆಗಳಲ್ಲಿ ಕಾರು ಓಡಿಸುವ ಆಟ. ಒಬ್ಬರೇ ಕೂತು ಆಡಿದರೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕಿತ್ತು. 2023ರ ಡಿಸೆಂಬರಿನಲ್ಲಿ ಮಾರಾಟ ನಿಲ್ಲಿಸಿದರು. 2024ರ ಮಾರ್ಚ್ 31ರಂದು ಸರ್ವರ್ ಬಂದ್ ಮಾಡಿದರು. ಅಲ್ಲಿಗೆ ಆಟ ಮುಗಿಯಿತು. ಡೌನ್‌ಲೋಡ್ ಮಾಡಿದವರಿಗೂ ಇಲ್ಲ, ಡಿಸ್ಕನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟವರಿಗೂ ಇಲ್ಲ. ಕೆಲವು ದಿನಗಳಲ್ಲಿ ಆಡುಗರ ಖಾತೆಗಳಿಂದ ಅದರ ಪರವಾನಗಿಯನ್ನೇ ಕಿತ್ತುಹಾಕಿದ ಸುದ್ದಿ ಬಂತು. ಆ ಏಪ್ರಿಲಿನಲ್ಲೇ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಆರಂಭಿಸಿದರು. ಸರ್ವರ್ ಶಾಶ್ವತವಾಗಿ ನಡೆಸಿ ಎಂದು ಅವರು ಕೇಳುತ್ತಿಲ್ಲ. ಬಾಗಿಲು ಹಾಕುವ ಮುನ್ನ, ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವ ಹಾಗೆ ಆಟವನ್ನು ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಯುರೋಪಿಯನ್ ಒಕ್ಕೂಟದ ಮುಂದೆ ಇಟ್ಟ ನಾಗರಿಕರ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಗಲಾಟೆಗೆ ಫಲವೂ ಸಿಕ್ಕಿತು: ಅದೇ ಸರಣಿಯ 2ನೇ ಆಟವನ್ನು ನೆಟ್ ಇಲ್ಲದೆಯೂ ಆಡುವಂತೆ ಮಾಡುವುದಾಗಿ ಕಂಪನಿ 2024ರಲ್ಲಿ ಹೇಳಿತು. ಮನಸ್ಸು ಮಾಡಿದರೆ ಆಗುವ ಕೆಲಸ ಅದು ಎಂದಾಯಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವಾಗ ನಾನು ಯಕ್ಷಗಾನದ ಡೇರೆ ಮೇಳವನ್ನು ನೆನಪಿಸುತ್ತೇನೆ. ಟಿಕೆಟ್ ತೆಗೆದುಕೊಂಡು ಒಳಗೆ ಕೂತವನು ಬೆಳಗಾದ ಮೇಲೆ ರಂಗಸ್ಥಳವನ್ನು ಮನೆಗೆ ಹೊತ್ತುಕೊಂಡು ಹೋಗುತ್ತೇನೆ ಅನ್ನುವುದಿಲ್ಲ. ಡೇರೆ ಕಿತ್ತರೆ ಅವನಿಗೆ ಬೇಸರವಿಲ್ಲ, ಒಂದು ರಾತ್ರಿಯ ಆಟಕ್ಕೆ ಕೊಟ್ಟ ದುಡ್ಡು ಅದು. ಅದೇ ಮನುಷ್ಯ ಪ್ರಸಂಗ ಪುಸ್ತಕ ಕೊಂಡರೆ ಅದು ಬೇರೆ. ಮೇಳ ಮುಚ್ಚಲಿ, ಪ್ರಕಾಶಕ ಅಂಗಡಿ ಎತ್ತಲಿ, ಆ ಪುಸ್ತಕ ಅವನ ಮನೆಯ ಗೂಡಿನಲ್ಲಿರುತ್ತದೆ. ಎರಡೂ ನ್ಯಾಯವಾದ ವ್ಯಾಪಾರವೇ. ಟಿಕೆಟ್ಟನ್ನು ಪುಸ್ತಕ ಎಂದು ಹೇಳಿ ಪುಸ್ತಕದ ಬೆಲೆ ತೆಗೆದುಕೊಂಡರೆ ಮಾತ್ರ ಮೋಸ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂಬ ಗುಂಡಿ ಇಡುವವರು, ಇದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಸ್ಟೀಮ್ ಅದಕ್ಕೂ ಮೊದಲೇ, 2024ರ ಅಕ್ಟೋಬರಿನಲ್ಲಿ, ಹಣ ಕಟ್ಟುವ ಪುಟದಲ್ಲಿ ಆ ಮಾತು ಸೇರಿಸಿತು. ಆ ಕಾನೂನಿನ ಒಂದು ವಿನಾಯಿತಿ ನನಗೆ ತುಂಬ ಇಷ್ಟವಾಯಿತು. ಗಿರಾಕಿ ತನ್ನ ಹಾರ್ಡ್ ಡಿಸ್ಕಿಗೆ ಶಾಶ್ವತವಾಗಿ ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆ ಬಳಸಬಹುದಾದ ಸರಕಿಗೆ ಈ ಎಚ್ಚರಿಕೆ ಬೇಕಿಲ್ಲ. ಅಂದರೆ ಶಾಸಕರು ಗೆರೆ ಎಳೆದದ್ದು ಡಿಸ್ಕ್ ಮತ್ತು ಡೌನ್‌ಲೋಡ್ ನಡುವೆ ಅಲ್ಲ. ಮಾರಿದವನ ಅಪ್ಪಣೆ ಬೇಕಾದದ್ದು ಒಂದು ಕಡೆ, ಬೇಡವಾದದ್ದು ಇನ್ನೊಂದು ಕಡೆ.

ಮೇಷ್ಟ್ರಿಗೆ ನಾನು ಬರೆದ ಉತ್ತರವೂ ಅದೇ.

ಆಟ ಪೂರ್ತಿ ಮಾಯವಾಗದೆ ಸದ್ದಿಲ್ಲದೆ ಬದಲಾಗುವುದೂ ಉಂಟು. ಇಪ್ಪತ್ತು ವರ್ಷದ ಹಿಂದೆ ನಮ್ಮ ಸೈಬರ್ ಕೆಫೆಗಳಲ್ಲಿ ಹುಡುಗರು ಮುಗಿಬಿದ್ದು ಆಡುತ್ತಿದ್ದ ಜಿಟಿಎ ವೈಸ್ ಸಿಟಿಯನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿಗೆ ಅದು 2003ರಲ್ಲಿ ಬಂತು, 2 ಸಿಡಿಗಳಲ್ಲಿ. ಕಾರು ಹತ್ತಿದ ಕೂಡಲೇ ರೇಡಿಯೋ, ಅದರಲ್ಲಿ ಎಂಬತ್ತರ ದಶಕದ ಹಾಡುಗಳು. ಆ ಹಾಡುಗಳೇ ಅರ್ಧ ಆಟ ಎಂದರೆ ಆಡಿದವರು ಒಪ್ಪುತ್ತಾರೆ. ಆದರೆ ಹಾಡುಗಳ ಹಕ್ಕನ್ನು ಬಹಳ ಸಲ ಇಂತಿಷ್ಟು ವರ್ಷಕ್ಕೆಂದು ಪಡೆದಿರುತ್ತಾರೆ. ಅವಧಿ ಮುಗಿದರೆ ಹಾಡು ತೆಗೆಯಬೇಕು. ಮೈಕಲ್ ಜಾಕ್ಸನ್ನರ ಬಿಲ್ಲಿ ಜೀನ್ ಹಳೆಯ ಸಿಡಿಯಲ್ಲಿದೆ, ಸ್ಟೀಮಿನಲ್ಲಿ ಮಾರಿದ ಆವೃತ್ತಿಯಿಂದ ಅದನ್ನು ಆಮೇಲೆ ತೆಗೆದರು. 2008ರಲ್ಲಿ ಬಂದ ಜಿಟಿಎ 4ರಿಂದಲೂ 10 ವರ್ಷ ತುಂಬುತ್ತಿದ್ದಂತೆ, 2018ರಲ್ಲಿ, ಒಂದು ಅಪ್‌ಡೇಟ್ ಮೂಲಕ ಹಲವು ಹಾಡುಗಳು ಹೋದವು. ಹಣ ಕೊಟ್ಟು ಕೊಂಡಾಗಿದ್ದ ಜನರ ಕಂಪ್ಯೂಟರಿನಿಂದಲೂ ಹೋದವು. ಕಪಾಟಿನಲ್ಲಿರುವ ಪುಸ್ತಕದ ನಡುವಿನ ಹಾಳೆಗಳನ್ನು ರಾತ್ರೋರಾತ್ರಿ ಯಾರಾದರೂ ಬಂದು ಹರಿದುಕೊಂಡು ಹೋದರೆ ಸುಮ್ಮನಿರುತ್ತೇವೆಯೇ? ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಡಿಸ್ಕ್ ಹಾಕಿಕೊಂಡು ಆಡುವವರಿಗೆ ಮಾತ್ರ ಆ ರೇಡಿಯೋ ಇನ್ನೂ ಮೊದಲಿನಂತೆ ಹಾಡುತ್ತಿದೆ. ಡಿಸ್ಕಿನ ಪರವಾಗಿ ನಾನು ಆಡುವ ಅತ್ಯಂತ ಗಟ್ಟಿ ಮಾತು ಇದು. ಅದರಲ್ಲಿರುವುದನ್ನು ತಿದ್ದಲು ದೂರದಿಂದ ಯಾರ ಕೈಯೂ ಚಾಚುವುದಿಲ್ಲ.

ಹಾಗೆಂದು ಡೌನ್‌ಲೋಡನ್ನು ಹಳಿಯಲು ನನಗೆ ಮನಸ್ಸಿಲ್ಲ. ಸಾಗರದಲ್ಲಿ ಅಸಲಿ ಆಟ ಮಾರುವ ಅಂಗಡಿಯನ್ನು ನಾನು ಕಂಡದ್ದೇ ಇಲ್ಲ. ಬೆಂಗಳೂರಿಗೆ ಹೋದರೂ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದದ್ದು ಬಹುಪಾಲು ನಕಲು ಸಿಡಿಗಳು. 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ಹಾಕಲು ಶುರು ಮಾಡಿತು. ಡಾಲರ್ ಲೆಕ್ಕ, ಅಂತಾರಾಷ್ಟ್ರೀಯ ಕಾರ್ಡ್ ಇವೆರಡರ ತಲೆನೋವು ತಪ್ಪಿ, ಸಣ್ಣ ಊರಿನ ಹುಡುಗರೂ ಹಣ ಕೊಟ್ಟು ಆಟ ಕೊಳ್ಳುವುದು ಸಾಧ್ಯವಾಯಿತು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ 2020ರಲ್ಲಿ ರಾಜಿ ಎಂಬ ಆಟ ಮಾಡಿತು. ಡಿಸ್ಕ್ ಒತ್ತಿಸಿ, ಲಾರಿಗೆ ಹಾಕಿ, ಅಂಗಡಿ ಅಂಗಡಿಗೆ ಹಂಚಿಯೇ ಮಾರಬೇಕಿದ್ದರೆ ಅಂಥ ತಂಡಗಳು ಲೋಕದ ಕಣ್ಣಿಗೆ ಬೀಳುವುದು ಬಲು ಕಷ್ಟವಾಗುತ್ತಿತ್ತು.

ಆದರೆ ಡೌನ್‌ಲೋಡ್ ಎಂದರೆ ಭಾರವೇ ಇಲ್ಲ ಅಂದುಕೊಳ್ಳಬೇಡಿ. ರೆಡ್ ಡೆಡ್ ರಿಡೆಂಪ್ಷನ್ 2 ಆಟಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕು. ಅಷ್ಟನ್ನೂ ಇಳಿಸಿಕೊಳ್ಳಬೇಕೆಂದರೆ, ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕ ಎಲ್ಲೂ ಕಡಿಯದಿದ್ದರೂ ಸುಮಾರು 17 ಗಂಟೆ ಹಿಡಿಯುತ್ತದೆ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕನ್ನೇ ನಂಬಿದ ಹಳ್ಳಿಯ ಹುಡುಗನಿಗೆ 100 ದಿನ. ಕರೆಂಟ್ ಹೋಗುವ ನಮ್ಮ ಮಳೆಗಾಲದ ಲೆಕ್ಕ ಇದರಲ್ಲಿ ಸೇರಿಲ್ಲ.

ಹಾಗಿದ್ದರೆ ಯಾವ ಡೌನ್‌ಲೋಡ್? ಪೋಲೆಂಡಿನಲ್ಲಿ 2008ರಲ್ಲಿ ಶುರುವಾದ ಜಿಒಜಿ ಎಂಬ ಅಂಗಡಿ ಇದೆ, ಗುಡ್ ಓಲ್ಡ್ ಗೇಮ್ಸ್ ಎಂದು ಅದರ ಮೊದಲ ಹೆಸರು. ಅಲ್ಲಿ ಕೊಂಡ ಆಟದ ಇನ್‌ಸ್ಟಾಲರ್ ಕಡತವನ್ನು ಬೀಗವಿಲ್ಲದೆ ಇಳಿಸಿಕೊಂಡು ನಮ್ಮಲ್ಲೇ ಇಟ್ಟುಕೊಳ್ಳಬಹುದು. ನಾಳೆ ಆ ಅಂಗಡಿಯೇ ಇಲ್ಲವಾದರೂ ಕಡತ ಓಡುತ್ತದೆ. ಹಳೆಯ ಆಟಗಳನ್ನು ಹೊಸ ವಿಂಡೋಸಿಗೆ ಹೊಂದುವಂತೆ ತಿದ್ದಿಯೂ ಕೊಡುತ್ತಾರೆ. ಅಟ್ಟದ ಮೇಲೆ ಬೂಸ್ಟು ಹಿಡಿದ ನನ್ನ ಡಿಸ್ಕಿಗಿಂತ ಇಂಥ ಡೌನ್‌ಲೋಡ್ ಹೆಚ್ಚು ನನ್ನದು. ಸ್ಟೀಮಿನಲ್ಲಿಯೂ ಬೀಗ ಹಾಕದ ಆಟಗಳು ಕೆಲವಿವೆ, ಆದರೆ ಹಾಗೆಂದು ಮುಂಚೆಯೇ ಬರೆದಿರುವುದಿಲ್ಲ. ಆದ್ದರಿಂದ ಕೊಂಡ ಮೊದಲ ದಿನವೇ ಒಂದು ಕೆಲಸ ಮಾಡಿ. ಆಟ ಇಳಿದ ಮೇಲೆ ವೈಫೈ ಆರಿಸಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದು, ಆಡಿ ನೋಡಿ. ಸ್ಟೀಮ್ ಸಾಮಾನ್ಯವಾಗಿ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದು, ಕೊಂಡು 14 ದಿನ ಮೀರಿರದಿದ್ದರೆ ಹಣ ವಾಪಸ್ ಕೊಡುತ್ತದೆ. ಆ ಅವಧಿಯಲ್ಲೇ ಈ ಪರೀಕ್ಷೆ ಮುಗಿಸಿಕೊಳ್ಳಬೇಕು.

ಇಷ್ಟಾದರೂ ಡೌನ್‌ಲೋಡಿಗೆ ದಕ್ಕದ ಒಂದು ಗುಣ ಡಿಸ್ಕಿನಲ್ಲಿತ್ತು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ನಾನು ಕಂಪ್ಯೂಟರ್ ಕಲಿತದ್ದು ತೊಂಬತ್ತರ ದಶಕದಲ್ಲಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಕಾಲೇಜಿನ ಲ್ಯಾಬಿನಲ್ಲಿ. ಅಂಗಿ ಜೇಬಿನಲ್ಲಿ 1.44 ಎಂಬಿ ಫ್ಲಾಪಿ, ಅದರಲ್ಲಿ ಡೇವ್ ಮತ್ತು ಪ್ರಿನ್ಸ್ ಎಂಬ ಆಟಗಳು. ನಮ್ಮ ಬ್ಯಾಚಿನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡದವರೇ ಇರಲಿಲ್ಲ, ಹಣ ಕೊಟ್ಟು ಕೊಂಡವರೂ ಇರಲಿಲ್ಲ. ಅಸಲಿ ಆಟದಲ್ಲಿ ಆರಂಭದ ಹಂತ ದಾಟಿದ ಮೇಲೆ ಸಾಲಾಗಿ ಸೀಸೆಗಳಿರುವ ಒಂದು ಜಾಗ ಬರುತ್ತದೆ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನೇ ಕುಡಿಯಬೇಕು. ಕೈಪಿಡಿ ಇಲ್ಲದವನಿಗೆ ಮುಂದೆ ದಾರಿಯಿಲ್ಲ. ನಕಲು ತಡೆಯಲು ಕಾಗದವನ್ನೇ ಬೀಗ ಮಾಡಿದ್ದರು. ನಮ್ಮ ಫ್ಲಾಪಿಗೆ ಬರುವ ಹೊತ್ತಿಗೆ ಯಾರೋ ಆ ಬೀಗ ತೆಗೆದಿದ್ದರು. ಆಗ ನಮಗೆ ಅದು ತಪ್ಪೆಂದೂ ತೋರಿರಲಿಲ್ಲ. ಮಾಡಿದವರಿಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಎಂಬುದು ಇವತ್ತು ತಿಳಿಯುತ್ತದೆ. ಅದಕ್ಕೇ ಆ ಆಟವನ್ನು ಮಾಡಿದ ಜೋರ್ಡನ್ ಮೆಕ್ನರ್ ಅವರ ಒಂದು ಸಂಗತಿ ಓದಿದಾಗ ಮನಸ್ಸು ತುಂಬಿ ಬಂದಿತ್ತು. 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಅವರು ಬರೆದಿದ್ದ ಮೂಲ ಸಂಕೇತ ಕಳೆದೇಹೋಗಿದೆ ಎಂದುಕೊಂಡಿದ್ದರು. 2012ರಲ್ಲಿ ಅವರ ತಂದೆ ತಮ್ಮ ಮನೆಯ ಕಪಾಟಿನ ಹಿಂಬದಿಯಲ್ಲಿ ಒಂದು ಡಬ್ಬಿ ಕಂಡು ಮಗನಿಗೆ ಕಳಿಸಿದರು. ಒಳಗೆ ಆ ಫ್ಲಾಪಿಗಳು. ಆ ತಂದೆಯೇ ಆಟದ ಸಂಗೀತ ಮಾಡಿದವರು, ರಾಜಕುಮಾರನ ಓಟ ನೆಗೆತಗಳಿಗೆ ಮಾದರಿಯಾದವನು ಮೆಕ್ನರ್ ಅವರ ತಮ್ಮ. ಹಳೆಯ ಯಂತ್ರಗಳನ್ನು ಬಲ್ಲ ಗೆಳೆಯರು ಕೂತು ಒಂದೊಂದೇ ಫ್ಲಾಪಿ ಓದಿಸಿದರು, ಮೆಕ್ನರ್ ಆ ಸಂಕೇತವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಉಳಿದದ್ದು ಯಾವ ಸರ್ವರಿನ ಕೃಪೆಯಿಂದಲೂ ಅಲ್ಲ. ಒಂದು ಮನೆಯಲ್ಲಿ ಆ ಡಬ್ಬಿಯನ್ನು ಯಾರೂ ಎಸೆಯದೆ ಇದ್ದುದರಿಂದ.

ಎಲ್ಲ ಆಟಗಳಿಗೂ ಅಂಥ ಮನೆ ಸಿಗುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87 ಆಗ ಮಾರುಕಟ್ಟೆಯಲ್ಲಿ ಹೊಸದಾಗಿ ಕೊಳ್ಳಲು ಸಿಗುತ್ತಿರಲಿಲ್ಲ ಎಂದು ಅದು ಹೇಳಿತು. ಫ್ರಾನ್ಸ್ 1992ರಲ್ಲೇ ಕಾನೂನು ಮಾಡಿ, ಪುಸ್ತಕಗಳಂತೆ ಆಟಗಳ ಪ್ರತಿಯನ್ನೂ ತನ್ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸುವಂತೆ ಮಾಡಿತು. ನಮ್ಮಲ್ಲಿ 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು 3 ಗ್ರಂಥಾಲಯಗಳಿಗೂ ಕಳಿಸಬೇಕು, ಪತ್ರಿಕೆಗಳೂ ಅದರ ವ್ಯಾಪ್ತಿಗೆ ಸೇರುತ್ತವೆ. ಆಟಗಳು ಸೇರುವುದಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯೇ. ಇಷ್ಟು ವರ್ಷ ನಮ್ಮ ಊರಿನ ಕಲಾವಿದರು, ಎಂಜಿನಿಯರುಗಳು ಮಾಡಿದ ಕೆಲಸದ ಪ್ರತಿಗಳನ್ನು ಕಾಯ್ದಿಡಲು ಒಂದು ಸಾರ್ವಜನಿಕ ಕಪಾಟಾದರೂ ಬೇಕು. ಅದಕ್ಕಾಗಿ ಆ ಹಳೆಯ ಕಾಯ್ದೆಯನ್ನು ತಿದ್ದಬೇಕು ಎಂಬುದು ನನ್ನ ಒತ್ತಾಯ.

ಮೇಷ್ಟ್ರ ಮೊಮ್ಮಗನಿಗೆ ಏನಾಯಿತು ಎಂದು ಕೇಳುವಿರಾದರೆ, ಅವನು ಕೊಂಡದ್ದು ಗೆಳೆಯರ ಜೊತೆ ನೆಟ್ಟಿನಲ್ಲೇ ಆಡುವ ಆಟ. ಅದು ಡೇರೆಯ ಟಿಕೆಟ್, ಹಾಗೆಂದು ತಿಳಿದೇ ಆಡಲಿ ಎಂದು ಬರೆದೆ. ಒಬ್ಬನೇ ಕೂತು ಆಡುವ ಕಥೆಯ ಆಟವಾಗಿದ್ದರೆ ಮಾತ್ರ ಪ್ರಸಂಗ ಪುಸ್ತಕದಂತೆ ಉಳಿಯುವುದನ್ನೇ ಹುಡುಕಿ ಕೊಡಿಸಿ ಎಂದೆ.

ಅಕ್ಕನ ಮಗ ಈಗ ತನ್ನ ಇನ್‌ಸ್ಟಾಲರ್‌ಗಳನ್ನು 2 ಹಾರ್ಡ್ ಡಿಸ್ಕುಗಳಲ್ಲಿ ಇಟ್ಟಿದ್ದಾನೆ. ಒಂದು ಶಿವಮೊಗ್ಗದ ಅವನ ಹಾಸ್ಟೆಲಿನಲ್ಲಿ, ಇನ್ನೊಂದು ಸಾಗರದ ಟ್ರಂಕಿನಲ್ಲಿ. ಹೊಸ ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಟ್ರಂಕಿನೊಳಗೆ ಹಾಕಿದ್ದಾನೆ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಓಡಿಸಿ ನೋಡು ಎಂದು ಹೇಳಿದ್ದೇನೆ. ಮೊನ್ನೆ ಫೋನಿನಲ್ಲಿ ಕೇಳಿದ: "ಮಾವ, ಇದನ್ನ ನನ್ನ ಫ್ರೆಂಡಿಗೆ ಎರಡು ದಿನ ಕೊಡಬಹುದಾ?" ಡಿಸ್ಕ್ ಆಗಿದ್ದರೆ ಕೊಟ್ಟು ವಾಪಸ್ ತಗೋ ಅನ್ನುತ್ತಿದ್ದೆ. ಇದು ಕೊಟ್ಟರೂ ನಮ್ಮಲ್ಲಿ ಉಳಿಯುತ್ತದೆ, ಅವನಲ್ಲೂ ಉಳಿಯುತ್ತದೆ, ಕೊಂಡ ಕರಾರು ಅದನ್ನು ಒಪ್ಪುವುದಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಬೇಡ ಕಣೋ, ಅವನನ್ನೇ ಊರಿಗೆ ಕರ್ಕೊಂಡು ಬಾ" ಅಂದೆ. ಶನಿವಾರ ಸಂಜೆಯ ಬಸ್ಸಿಗೆ ಇಬ್ಬರೂ ಬಂದರು.